ಮರದ ನೋಟು ಅಚ್ಚಾದ ಊರು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟೆನೈನೊದಲ್ಲಿ ಹಳೆಯ ರೈಲು ನಿಲ್ದಾಣವೇ ಈಗ ಮ್ಯೂಸಿಯಂ. ಮರಳುಗಲ್ಲಿನ ಆ ಕಟ್ಟಡದಲ್ಲಿ ಮರದ ಹಣ ಅಚ್ಚು ಹಾಕಿದ ಯಂತ್ರವಿದೆ. ಅದರೆದುರು ನಿಂತ ನನಗೆ ಹೊರಡಲು ಮನಸ್ಸೇ ಬರಲಿಲ್ಲ. ಮರವನ್ನು ಹಾಳೆಯಷ್ಟು ತೆಳುವಾಗಿ ಸೀಳಿ ಮಾಡಿದ ನೋಟು. ಬಗ್ಗಿ ನೋಡಿದರೆ ಅಕ್ಷರಗಳ ಅಡಿಯಲ್ಲಿ ಮರದ ಎಳೆಗಳು ಓಡುತ್ತವೆ.

1931ರ ಡಿಸೆಂಬರಿನಲ್ಲಿ ಊರಿನ ಬ್ಯಾಂಕು ಬಾಗಿಲು ಹಾಕಿತು. ಅಂಗಡಿಯಲ್ಲಿ ಸಾಮಾನಿತ್ತು, ಕೊಳ್ಳುವವರೂ ಇದ್ದರು, ಕೈಯಿಂದ ಕೈಗೆ ಓಡಾಡಲು ಕಾಸಿರಲಿಲ್ಲ. ಆಗ ವರ್ತಕರ ಸಂಘ ಠೇವಣಿದಾರರಿಗೆ ಅವರ ಜಮೆಯ ಕಾಲು ಭಾಗದವರೆಗೆ ಚೀಟಿ ಕೊಟ್ಟಿತು. ಮೊದಲು ಕಾಗದದ್ದು, 1932ರಲ್ಲಿ ಮರದ್ದು. ಅಚ್ಚು ಹಾಕಿದ್ದು ಸ್ಥಳೀಯ ಪತ್ರಿಕೆಯವರು. ಸುದ್ದಿ ಹಬ್ಬಿದ್ದೇ ತಡ, ಸಂಗ್ರಾಹಕರು ಮುಗಿಬಿದ್ದರು. ಬಹುಪಾಲು ನೋಟುಗಳು ನಗದಾಗಲು ಮರಳಲೇ ಇಲ್ಲ. 2020ರ ಕೋವಿಡ್ ಕಾಲದಲ್ಲಿ ಇದೇ ಯಂತ್ರ ಮತ್ತೆ ತಿರುಗಿತು. ಈ ಸಲ 25 ಡಾಲರಿನ ಮರದ ನೋಟು, ದುಡಿಮೆ ಕಳೆದುಕೊಂಡವರ ನೆರವಿಗೆ. ಎಂಬತ್ತೆಂಟು ವರ್ಷ ಕಳೆದರೂ ಊರಿಗೆ ಆ ಉಪಾಯ ಮರೆತಿರಲಿಲ್ಲ ಎಂಬುದೇ ನನಗೆ ದೊಡ್ಡ ಸಂಗತಿ.

ಇಂಥ ಗತಿ ಟೆನೈನೊಗೆ ಮಾತ್ರ ಬಂದದ್ದಲ್ಲ. 1930ರಿಂದ 1933ರೊಳಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಹೆದರಿದ ಜನ ಠೇವಣಿ ತೆಗೆದು ಮನೆಯಲ್ಲಿಟ್ಟರು, ಉಳಿದ ಬ್ಯಾಂಕುಗಳು ಸಾಲದ ಕೈ ಬಿಗಿಹಿಡಿದವು. ಚಲಾವಣೆಯ ನೋಟು, ಠೇವಣಿ ಎಲ್ಲ ಸೇರಿದ ಹಣದ ಮೊತ್ತ 1929ರಲ್ಲಿದ್ದದ್ದರ ಮೂರನೇ ಒಂದರಷ್ಟು ಕರಗಿಹೋಯಿತು. ಬೆಲೆಗಳು ಕುಸಿದವು, ಸಾಲದ ಪತ್ರದಲ್ಲಿನ ಅಂಕಿ ಮಾತ್ರ ಹಾಗೇ ನಿಂತಿತ್ತು. ಫಸಲು ಮಾರಿ ಕಂತು ಕಟ್ಟಬೇಕಿದ್ದ ರೈತ ಎಲ್ಲಿಗೆ ಹೋಗಬೇಕು?

ಬ್ಯಾಂಕುಗಳ ಇಂಥ ಕುಸಿತವನ್ನು ತಡೆಯಲೆಂದೇ 1913ರಲ್ಲಿ ಹುಟ್ಟಿದ್ದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಅಂದರೆ ಫೆಡ್. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ನಿಯಮದಿಂದ ಹೊರಬಂದಾಗ, ತನ್ನ ಚಿನ್ನ ಹೊರಹೋಗದಿರಲೆಂದು ನ್ಯೂಯಾರ್ಕ್ ಫೆಡ್ ಅಕ್ಟೋಬರಿನಲ್ಲಿ ಬಡ್ಡಿದರವನ್ನು ಶೇ 1.5ರಿಂದ 3.5ಕ್ಕೆ ಏರಿಸಿತು. ಬ್ಯಾಂಕುಗಳು ಉಸಿರುಗಟ್ಟುತ್ತಿದ್ದ ಹೊತ್ತಿನಲ್ಲಿ! ಹಣ ಕರಗುವುದನ್ನು ಫೆಡ್ ತಡೆಯಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಮಿಲ್ಟನ್ ಫ್ರೀಡ್ಮನ್ ಮತ್ತು ಆನಾ ಶ್ವಾರ್ಟ್ಜ್ 1963ರಲ್ಲಿ ಹೊರಿಸಿದ ಆರೋಪ ಇದರ ಸುತ್ತಲಿನದೇ.

ಚಿನ್ನದ ನಿಯಮ ಫೆಡ್‌ನ ಕೈ ಕಟ್ಟಿತ್ತು ಎಂಬ ವಾದವುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ; ಕಾರಣ ಮಿಸಿಸಿಪ್ಪಿ. ಆ ಒಂದೇ ರಾಜ್ಯ ಫೆಡ್‌ನ ಎರಡು ಪ್ರಾದೇಶಿಕ ಬ್ಯಾಂಕುಗಳಿಗೆ ಹಂಚಿಹೋಗಿತ್ತು. 1930ರ ಕೊನೆಯ ಗಾಬರಿಯಲ್ಲಿ ದಕ್ಷಿಣ ಭಾಗ ನೋಡಿಕೊಳ್ಳುತ್ತಿದ್ದ ಅಟ್ಲಾಂಟಾ ಫೆಡ್ ಬ್ಯಾಂಕುಗಳಿಗೆ ಧಾರಾಳವಾಗಿ ಸಾಲ ಕೊಟ್ಟಿತು. ಉತ್ತರದ ಸೇಂಟ್ ಲೂಯಿಸ್ ಫೆಡ್ ಕೈಕಟ್ಟಿ ಕೂತಿತು. ಅದೇ ಚಿನ್ನದ ನಿಯಮ, ಅದೇ ರಾಜ್ಯದ ಕಾನೂನು. ದಕ್ಷಿಣದಲ್ಲಿ ಹೆಚ್ಚು ಬ್ಯಾಂಕುಗಳು ಉಳಿದುಕೊಂಡವು, ವ್ಯಾಪಾರವೂ ಉತ್ತರದಷ್ಟು ಕುಸಿಯಲಿಲ್ಲ.