ದಮ್ಮು ನಾಟಕವಲ್ಲ: ಅಸ್ತಮಾ, ಅಲರ್ಜಿ ಮತ್ತು ನಮ್ಮ ನರಗಳು



ಸೇಡಂ, ವಾಡಿ, ಶಹಾಬಾದ, ಚಿತ್ತಾಪುರ, ಚಿಂಚೋಳಿ ಕಡೆಯವರಿಗೆ ಧೂಳು ಹೊಸದಲ್ಲ. ಸಿಮೆಂಟ್, ಪರಸಿ ಕಲ್ಲು, ತೊಗರಿ ರಾಶಿ ಮಾಡುವಾಗ ಏಳುವ ಹೊಟ್ಟು, ಒಲೆಯ ಹೊಗೆ ಇವೆಲ್ಲ ದಮ್ಮನ್ನು ಕೆರಳಿಸುತ್ತವೆ. ಆದರೆ ಕೆಲವರಿಗೆ ಸಿಟ್ಟು, ಅಳು, ಗಾಬರಿ, ತಣ್ಣನೆಯ ಗಾಳಿಯಿಂದಲೂ ದಮ್ಮು ಬರುತ್ತದೆ. ಆಗ ಮನೆಯವರು "ಇದೆಲ್ಲ ನಾಟಕ" ಎನ್ನುವುದುಂಟು. ಅದು ತಪ್ಪು.

ಹೀಗೇಕೆ ಆಗುತ್ತದೆ?
ಮೆದುಳಿನಿಂದ ಶ್ವಾಸಕೋಶಕ್ಕೆ ವೇಗಸ್ ಎಂಬ ನರ ಬರುತ್ತದೆ. ಧೂಳು ಒಳಹೊಕ್ಕರೆ ಈ ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ; ಮರಳಿ ಬಂದ ಆಜ್ಞೆಯಂತೆ ಕೆಮ್ಮು ಬರುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಇದು ದೇಹದ ಕಾವಲು. ಅಸ್ತಮಾ ಇದ್ದವರಲ್ಲಿ ಶ್ವಾಸನಾಳ ಮೊದಲೇ ಬಾತಿರುವುದರಿಂದ ಸಣ್ಣ ಕಾರಣಕ್ಕೂ ಅತಿಯಾಗಿ ಬಿಗಿಯುತ್ತದೆ. ರಾತ್ರಿ ಈ ನರದ ಕೆಲಸ ಹೆಚ್ಚುತ್ತದೆ. ಬೆಳಗಿನ ಜಾವ ದಮ್ಮು ಜೋರಾಗಲು ಇದೂ ಒಂದು ಕಾರಣ. ಅಲರ್ಜಿಯಲ್ಲಿ ಹಿಸ್ಟಮಿನ್ ಎಂಬ ವಸ್ತು ನರಗಳ ತುದಿಯನ್ನು ಕೆರಳಿಸುವುದರಿಂದ ಸೀನು, ತುರಿಕೆ ಬರುತ್ತವೆ.

ಅಂದರೆ ಗಾಬರಿ ದಮ್ಮನ್ನು ಕೆರಳಿಸಬಹುದು. ಆದರೆ ರೋಗ ಇರುವುದು ಶ್ವಾಸನಾಳದಲ್ಲಿ. ಧೈರ್ಯ ಹೇಳಿದರೆ ಮಾತ್ರ ಸಾಲದು, ಔಷಧಿ ಬೇಕೇ ಬೇಕು.

ಔಷಧಿಗಳ ಕೆಲಸ
* ಸಾಲ್ಬುಟಮಾಲ್: ಬಿಗಿದ ಶ್ವಾಸನಾಳವನ್ನು ಬೇಗ ಸಡಿಲಿಸುತ್ತದೆ.
* ಇಪ್ರಾಟ್ರೋಪಿಯಂ: ವೇಗಸ್ ನರದ ಆಜ್ಞೆಯನ್ನು ತಡೆಯುತ್ತದೆ. ದಮ್ಮು ತೀವ್ರವಾದಾಗ ನೆಬ್ಯುಲೈಸರ್‌ನಲ್ಲಿ ಕೊಡುತ್ತಾರೆ.
* ಸ್ಟೀರಾಯ್ಡ್ ಇನ್‌ಹೇಲರ್: ಬಾವು ಇಳಿಸುತ್ತದೆ. ಆರಾಮ ಅನಿಸಿದರೂ ವೈದ್ಯರನ್ನು ಕೇಳದೆ ಬಿಡಬೇಡಿ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ.

ಎಚ್ಚರಿಕೆ: ಪ್ರೊಪ್ರನೋಲಾಲ್ ಮಾತ್ರೆ, ಕಣ್ಣಿಗೆ ಹಾಕುವ ಟಿಮೊಲಾಲ್ ಹನಿ ದಮ್ಮನ್ನು ಹೆಚ್ಚಿಸಬಹುದು. ಬಿ.ಪಿ., ಹೃದಯ, ತಲೆನೋವು, ಕಣ್ಣು ಯಾವುದಕ್ಕೇ ಔಷಧಿ ಬರೆಸಿಕೊಳ್ಳುವಾಗಲೂ "ನನಗೆ ದಮ್ಮು ಇದೆ" ಎಂದು ತಪ್ಪದೆ ಹೇಳಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸದೆ ಕೂಡಲೇ ವೈದ್ಯರಿಗೆ ತೋರಿಸಿ.

ದಮ್ಮು ಬಂದಾಗ ಬಂಧುಗಳು ಮಾಡಬೇಕಾದದ್ದು
* ರೋಗಿಯನ್ನು ಮಲಗಿಸಬೇಡಿ. ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಿ.
* ಸುತ್ತ ಗುಂಪು ಕಟ್ಟಬೇಡಿ, ಬೈಯಬೇಡಿ, ಅಳಬೇಡಿ. ನಿಮ್ಮ ಗಾಬರಿ ರೋಗಿಯ ಗಾಬರಿಯನ್ನು ಹೆಚ್ಚಿಸುತ್ತದೆ.
* ವೈದ್ಯರು ಹೇಳಿದಷ್ಟು ಪಫ್‌ಗಳನ್ನು ಸ್ಪೇಸರ್ ಮೂಲಕ ಒಂದೊಂದಾಗಿ ಕೊಡಿ.
* ಪಫ್‌ನಿಂದ ಆರಾಮ ಆಗದಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಇನ್‌ಹೇಲರ್ ಹಿಡಿಯುವ ಕ್ರಮ ಸರಿಯಾಗಿ ಬಾರದಿದ್ದರೆ ಸಂಕೋಚ ಬೇಡ. ನಿಮ್ಮ ಇನ್‌ಹೇಲರ್ ತಂದು ವಾರ್ಡಿನ ಸಿಸ್ಟರ್‌ಗೆ ತೋರಿಸಿ, ಕಲಿತುಕೊಂಡು ಹೋಗಿ.