ಹತ್ತೊಂಬತ್ತು ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬ

ಪ್ರಭವ ಸಂವತ್ಸರದ ಒಂಟಿಕೊಪ್ಪಲ್ ಪಂಚಾಂಗ. ಕಾರ್ತಿಕ ಬಹುಳ ಪಂಚಮಿಯ ಸಾಲಿನ ಪಕ್ಕ, ಖಾಲಿ ಅಂಚಿನಲ್ಲಿ ಅಜ್ಜ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: ‘ಗೌರಿ ಕರು ಹಾಕಿತು, ಹೆಣ್ಣು. ಕೊನೆಗೌಡ ಇವತ್ತೂ ಬರಲಿಲ್ಲ. ರಾತ್ರಿ 9.20ಕ್ಕೆ ಹೆಣ್ಣು.’ ಆ ಕೊನೆಯ ವಾಕ್ಯ ನಾನು. ಹುಟ್ಟಿದ ಗಳಿಗೆ ಜಾತಕದಲ್ಲಿ ಇತ್ತು, ಹೊಸದೇನಲ್ಲ. ಅದೇ ದಿನ ಕೊಟ್ಟಿಗೆಯಲ್ಲೂ ಹೆರಿಗೆಯಾಗಿತ್ತು, ಅಜ್ಜನ ದಾಖಲೆಯಲ್ಲಿ ಮೊದಲ ಸ್ಥಾನ ಅದಕ್ಕೇ ಸಿಕ್ಕಿತ್ತು ಎಂಬುದು ಮಾತ್ರ ಗೊತ್ತಾದದ್ದು ಮೊನ್ನೆ, ಮೂವತ್ತೆಂಟು ತುಂಬಿದ ಭಾನುವಾರ. ಸಾಗರದ ಹತ್ತಿರದ ತವರುಮನೆಯ ಅಟ್ಟದಲ್ಲಿ ಎರಡು ವರ್ಷದ ಮಗ ಪಂಚಾಂಗದ ಕಟ್ಟು ಬಿಚ್ಚಿ ಚೆಲ್ಲಾಡಿರದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

ಚಿಕ್ಕ ಮಕ್ಕಳಿರುವ ತಾಯಿಗೆ ಹುಟ್ಟುಹಬ್ಬ ಎಂಬುದು ಹೇಗೆ ನಡೆಯುತ್ತದೆ ಎಂದು ಓದುಗರಲ್ಲಿ ಅರ್ಧ ಮಂದಿಗೆ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ತಾರೀಖಿನ ಹುಟ್ಟುಹಬ್ಬ ಬಂತೆಂದರೆ ಒಂದೋ ಒಬ್ಬರಿಗೆ ಜ್ವರ, ಇಲ್ಲವೇ ಇನ್ನೊಬ್ಬರ ಶಾಲೆಯಲ್ಲಿ ‘ಹಳದಿ ಬಣ್ಣದ ದಿನ’. ಗಂಡ ತಂದ ಕೇಕನ್ನು ಕತ್ತರಿಸುವುದು ಮಗಳು, ಊದುವುದು ಮಗ, ತಟ್ಟೆ ತೊಳೆಯುವುದು ನಾನು. ಬೇಸರವೇನಿಲ್ಲ, ಏಕೆಂದರೆ ನನ್ನ ಬಳಿ ಯಾವಾಗಲೂ ಒಂದು ಹೆಚ್ಚುವರಿ ದಿನ ಇರುತ್ತಿತ್ತು. ವಾರವೋ ಎರಡು ವಾರವೋ ಆಚೀಚೆ ಅಮ್ಮ ಫೋನ್ ಮಾಡಿ, ‘ಇವತ್ತು ಪಂಚಮಿ, ನಿಜವಾದ ಹುಟ್ಟಿದ ದಿನ ಇವತ್ತೇ, ತಲೆಗೆ ಎಣ್ಣೆ ಹಾಕಿಕೋ’ ಅನ್ನುತ್ತಾಳೆ. ತಾರೀಖು ಮಕ್ಕಳ ಪಾಲು, ತಿಥಿ ನನ್ನ ಪಾಲು. ಮಕ್ಕಳು ಮಲಗಿದ ಮೇಲೆ ಒಬ್ಬಳೇ ಕೂತು ಒಂದು ಲೋಟ ಬಿಸಿ ಕಾಫಿ ಕುಡಿದರೆ ಆ ವರ್ಷದ್ದು ಮುಗಿಯಿತು. ಪಂಚಾಂಗದ ಭವಿಷ್ಯ ಭಾಗದಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ತಾಯಂದಿರಿಗೆ ಎರಡನೇ ಅವಕಾಶ ಕೊಡುವ ಈ ಏರ್ಪಾಟನ್ನು ಮಾತ್ರ ಮನಸಾರೆ ಒಪ್ಪುತ್ತೇನೆ.

ಈ ಸಲ ಆ ಅವಕಾಶಕ್ಕೇ ಕತ್ತರಿ ಬಿತ್ತು. ‘ತಿಥಿ, ತಾರೀಖು ಎರಡೂ ಒಂದೇ ದಿನ, ಅದೂ ಭಾನುವಾರ. ನೆಪ ಹೇಳಬೇಡ, ಬಾ’ ಎಂದು ಅಮ್ಮ ದೀಪಾವಳಿಗೇ ಹೇಳಿಟ್ಟಿದ್ದಳು. ಎಂಥ ಕಾಕತಾಳೀಯ ಎಂದೆ. ‘ಕಾಕತಾಳೀಯ ಎಂಥದ್ದು? ಹತ್ತೊಂಬತ್ತು ತುಂಬಿದಾಗಲೂ ಹೀಗೇ ಬಂದಿತ್ತು. ನೀನು ಹಾಸ್ಟೆಲಿನಲ್ಲಿದ್ದೆ. ಪಾಯಸ ಮಾಡಿ ನಾವೇ ತಿಂದೆವು.’

ಇಲ್ಲಿಂದ ನನಗೆ ಹುಚ್ಚು ಹಿಡಿಯಿತು ಎನ್ನಬೇಕು. ಅಟ್ಟದ ಮೇಲೆ ಚೆಲ್ಲಿ ಬಿದ್ದ ಪಂಚಾಂಗಗಳನ್ನು ಜೋಡಿಸುವ ನೆಪದಲ್ಲಿ ಹತ್ತೊಂಬತ್ತು ವರ್ಷದ ಅಂತರದ ಜೋಡಿಗಳನ್ನು ಹುಡುಕುತ್ತ ಕೂತೆ. ಮಗ ಅಡಿಕೆ ಹಾಳೆಯ ಮೇಲೆ ಕೂತು ತನ್ನನ್ನು ಎಳೆಯಲು ಅಕ್ಕನಿಗೆ ಆಜ್ಞೆ ಮಾಡುತ್ತಿದ್ದ. ಆ ಸದ್ದು ಇರುವಷ್ಟು ಹೊತ್ತು ನಾನು ಸ್ವತಂತ್ರಳು. ನೀವೂ ಹಳೆಯ ಕ್ಯಾಲೆಂಡರ್ ಇದ್ದರೆ ತೆಗೆದು ನೋಡಿ. ಗಣೇಶ ಚೌತಿ 2025ರಲ್ಲಿ ಆಗಸ್ಟ್ 27. 2006ರಲ್ಲೂ ಆಗಸ್ಟ್ 27. 2024ರಲ್ಲಿ ಸೆಪ್ಟೆಂಬರ್ 7, 2005ರಲ್ಲೂ ಅದೇ. ಯುಗಾದಿ 2024ರಲ್ಲಿ ಏಪ್ರಿಲ್ 9, 2005ರಲ್ಲೂ ಏಪ್ರಿಲ್ 9. ದೀಪಾವಳಿ 2023ರಲ್ಲಿ ನವೆಂಬರ್ 12, 2004ರಲ್ಲೂ ನವೆಂಬರ್ 12. ಎಲ್ಲ ಸಲವೂ ಇಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ. 2007ರ ಯುಗಾದಿ ಮಾರ್ಚ್ 20, 2026ರದ್ದು ಮಾರ್ಚ್ 19. ಆದರೂ ತಪ್ಪಿದರೆ ಸಾಮಾನ್ಯವಾಗಿ ಒಂದು ದಿನ, ಅಷ್ಟೇ.

ಲೆಕ್ಕ ಸರಳ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಇಂಥ ಹನ್ನೆರಡು ತಿಂಗಳಿಗೆ 354 ದಿನವಾಗುತ್ತದೆ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಸಾಲದು. ಹಾಗಾಗಿ ನಿಮ್ಮ ತಿಥಿಯ ಹುಟ್ಟುಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಜಾರುತ್ತ ಹೋಗಿ, ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ಅಧಿಕ ಮಾಸ ಏಳು ಬಂದು ಒಟ್ಟು 235 ಚಾಂದ್ರಮಾಸ ಆಗುತ್ತವೆ. 235 ಚಾಂದ್ರಮಾಸಕ್ಕೂ ಹತ್ತೊಂಬತ್ತು ಸೌರವರ್ಷಕ್ಕೂ ಇರುವ ವ್ಯತ್ಯಾಸ ಸುಮಾರು ಎರಡು ಗಂಟೆ. ಆರು ಸಾವಿರದ ಒಂಬೈನೂರಕ್ಕೂ ಹೆಚ್ಚು ದಿನ ಓಡಿ ಎರಡು ಗಂಟೆಯ ಅಂತರದಲ್ಲಿ ಮುಟ್ಟುವುದೆಂದರೆ! ನಮ್ಮ ಮನೆಯಲ್ಲಿ ಎರಡು ಮಕ್ಕಳನ್ನು ಎರಡು ಗಂಟೆಯ ಅಂತರದಲ್ಲಿ ಮಲಗಿಸುವುದೇ ಆಗುತ್ತಿಲ್ಲ.

ಅಥೆನ್ಸಿನ ಮೆಟಾನ್ ಎಂಬಾತ ಕ್ರಿ.ಪೂ. 432ರಲ್ಲಿ ಇದನ್ನು ಸಾರಿದ ಕಾರಣ ಪಾಶ್ಚಾತ್ಯರು ಅವನ ಹೆಸರಿಟ್ಟರು. ಬ್ಯಾಬಿಲೋನಿನವರಿಗೂ ಈ ಲೆಕ್ಕ ಗೊತ್ತಿತ್ತು. ಯಹೂದಿಗಳ ಪಂಚಾಂಗ ಇವತ್ತಿಗೂ ಇದೇ ಹತ್ತೊಂಬತ್ತರ ಚಕ್ರದ ಮೇಲೆ ನಡೆಯುತ್ತದೆ, ಅವರ ಮಕ್ಕಳಿಗೂ ಹತ್ತೊಂಬತ್ತನೇ ವರ್ಷಕ್ಕೆ ಎರಡು ಹುಟ್ಟುಹಬ್ಬ ಕೂಡಿ ಬರುತ್ತವೆ. ನಮ್ಮಲ್ಲಿ ವೇದಾಂಗ ಜ್ಯೋತಿಷ ಐದು ವರ್ಷಕ್ಕೆ ಎರಡು ಅಧಿಕ ಮಾಸ ಎಂದು ಒರಟಾಗಿ ಲೆಕ್ಕ ಹಾಕಿತ್ತು. ಮುಂದೆ ಸಿದ್ಧಾಂತಕಾರರು ಅದನ್ನು ಸೂರ್ಯ ಸಂಕ್ರಮಣಕ್ಕೆ ಕಟ್ಟಿ ಬಿಗಿ ಮಾಡಿದರು. ಮುಸ್ಲಿಮರ ಕ್ಯಾಲೆಂಡರಿನಲ್ಲಿ ಅಧಿಕ ಮಾಸವೇ ಇಲ್ಲದ್ದರಿಂದ ಅವರ ಚಾಂದ್ರ ಹುಟ್ಟುಹಬ್ಬ ಎಲ್ಲ ಋತುಗಳನ್ನೂ ಸುತ್ತಿ ಬರಲು ಮೂವತ್ತಮೂರು ವರ್ಷ ಬೇಕು. ಇದನ್ನೆಲ್ಲ ನಾನು ಅಟ್ಟದಿಂದಲೇ ಕೂಗಿ ಹೇಳುತ್ತಿದ್ದರೆ ಗಂಡ ಕೆಳಗಿನಿಂದ, ‘ಚಿಕ್ಕವನ ಬಾಯಲ್ಲಿ ಏನೋ ಇದೆ ನೋಡು’ ಎಂದರು. ಗೋಟಡಿಕೆ. ತೆಗೆದೆ.

ಮಧ್ಯಾಹ್ನದ ಊಟಕ್ಕೆ ಮೊದಲು ಶಾಸ್ತ್ರ. ಅಮ್ಮ ಹಾಲಿಗೆ ಎಳ್ಳು, ಬೆಲ್ಲ ಬೆರೆಸಿಟ್ಟಿದ್ದಳು. ಹುಟ್ಟಿದ ದಿನ ಮಾರ್ಕಂಡೇಯನನ್ನೂ ಏಳು ಚಿರಂಜೀವಿಗಳನ್ನೂ ನೆನೆದು ಅರ್ಧ ಬೊಗಸೆ ಹಾಲು ಕುಡಿಯುವ ಪದ್ಧತಿ ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಬೊಗಸೆಯ ಹಾಲು ಮೊಣಕೈವರೆಗೆ ಹರಿಯುವುದನ್ನು ಕಂಡು ಮಕ್ಕಳಿಬ್ಬರಿಗೂ ಅದೇ ಬೇಕಾಯಿತು. ಆಮೇಲೆ ಹಾಸುಗಲ್ಲು ಒರೆಸಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಅಮ್ಮ ಹೆಸರು ಹೇಳುತ್ತ ಹೋದಳು: ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಹನುಮಂತ ಮಗಳಿಗೆ ಪರಿಚಯ. ಮೊದಲನೆಯವನ ಮೇಲೆ ಅವಳ ಪ್ರಶ್ನೆ ಬಿತ್ತು.

‘ಅಶ್ವತ್ಥಾಮ ಯಾರು?’

‘ದ್ರೋಣರ ಮಗ.’

‘ಒಳ್ಳೆಯವನಾ?’

ಅಮ್ಮ ನನ್ನ ಮುಖ ನೋಡಿದಳು. ಏನು ಹೇಳುವುದು? ರಾತ್ರಿ ಶಿಬಿರಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದವನು ಅವನು. ಅವನ ದೀರ್ಘಾಯುಷ್ಯ ವರವೂ ಅಲ್ಲ, ಮೂರು ಸಾವಿರ ವರ್ಷ ಅಲೆದಾಡು ಎಂದು ಕೃಷ್ಣ ಕೊಟ್ಟ ಶಾಪ. ಸಣ್ಣ ಮಕ್ಕಳಿರುವ ಮನೆಯಲ್ಲಿ, ಹುಟ್ಟುಹಬ್ಬದಂಥ ಹುಟ್ಟುಹಬ್ಬದ ದಿನ, ಎಲ್ಲರಿಗಿಂತ ಮೊದಲು ಅವನ ಹೆಸರು! ಉಳಿದವರಲ್ಲೂ ಬಲಿಯನ್ನು ಪಾತಾಳಕ್ಕೆ ತುಳಿದರು, ವಿಭೀಷಣ ಅಣ್ಣನನ್ನು ಬಿಟ್ಟು ಬಂದ, ಪರಶುರಾಮ ತಾಯಿಯ ತಲೆ ಕಡಿದ. ನೆಮ್ಮದಿಯ ಸಂಸಾರಸ್ಥ ಅಂತ ಈ ಪಟ್ಟಿಯಲ್ಲಿ ಒಬ್ಬನೂ ಇಲ್ಲ. ನನಗೆ ಇದು ಚಿಕ್ಕಂದಿನಿಂದ ಹೊಳೆದೇ ಇರಲಿಲ್ಲ. ತಾಯಿಯಾದ ಮೇಲೆ ಕೇಳಿದರೆ ಕಿವಿಗೆ ಬೇರೆಯೇ ಆಗಿ ಬೀಳುತ್ತದೆ. ‘ಸಿಟ್ಟು ಜಾಸ್ತಿ ಇತ್ತು ಪಾಪ’ ಎಂದು ಅಮ್ಮ ಮುಗಿಸಿದಳು. ಮಗಳಿಗೆ ಸಮಾಧಾನವಾಯಿತು. ಸಿಟ್ಟು ಅವಳಿಗೆ ಅರ್ಥವಾಗುವ ವಿಷಯ.

ಕೇಕೂ ಇತ್ತು. ಸಾಗರದ ಬೇಕರಿಯಿಂದ ತಮ್ಮ ತಂದದ್ದು, ಮೇಲೆ ಹಸಿರು ಕ್ರೀಮಿನ ಡೈನೋಸಾರ್. ಹುಟ್ಟುಹಬ್ಬ ಯಾರದ್ದೆಂದು ಅವನು ಬೇಕರಿಯವರಿಗೆ ಹೇಳಿದಂತಿಲ್ಲ. ದೀಪ ಹಚ್ಚಬೇಕು, ಆರಿಸಬಾರದು ಎಂದು ಪ್ರತಿ ಬಾರಿ ವಾಟ್ಸ್ಯಾಪ್ ಸಂದೇಶ ಕಳಿಸುವ ಸೋದರಮಾವನೇ ಮೊಬೈಲ್ ಹಿಡಿದು ಮುಂದೆ ನಿಂತಿದ್ದರು. ಆ ವಾದ ನನಗೆ ಯಾವತ್ತೂ ಹಿಡಿಸಿಲ್ಲ. ಮೇಣದಬತ್ತಿ ನಂದಾದೀಪವಲ್ಲ, ಕರೆಂಟ್ ಬಂದ ಕೂಡಲೇ ನಾವೆಲ್ಲ ಊದಿದವರೇ. ಎಂಜಲಿನ ವಾದವಾದರೆ ಒಪ್ಪಬಹುದು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೇಣದಬತ್ತಿ ಊದಿದ ಮೇಲೆ ಕ್ರೀಮಿನ ಮೇಲಿನ ಬ್ಯಾಕ್ಟೀರಿಯಾ ಸರಾಸರಿ ಶೇ 1400ರಷ್ಟು ಹೆಚ್ಚಿತ್ತು. ಆರೋಗ್ಯವಂತರು ಹೆದರಬೇಕಿಲ್ಲ ಎಂದೂ ಅವರೇ ಹೇಳಿದ್ದಾರೆ. ಅವರ ಪ್ರಯೋಗಕ್ಕೆ ಊದಿದವರು ಎರಡು ವರ್ಷದವರಲ್ಲ ಎಂಬುದನ್ನು ಗಮನಿಸಬೇಕು. ನಮ್ಮವನು ಊದುವುದಿಲ್ಲ, ಬರೀ ಉಗುಳುತ್ತಾನೆ.

ಹಳೆಯ ಕತ್ತರಿಕೆಗಳಿಂದ ಎರಡು ಮಾತು. ಕೇಕಿಗೆ ವಯಸ್ಸಿನಷ್ಟೇ ಮೇಣದಬತ್ತಿ ಚುಚ್ಚುವುದಕ್ಕೆ ಸಿಗುವ ಹಳೆಯ ದಾಖಲೆಗಳಲ್ಲಿ ಒಂದು 1746ರ ಜರ್ಮನಿಯದು, ಕೌಂಟ್ ಜಿಂಜೆಂಡಾರ್ಫ್ ಎಂಬಾತನ ಹುಟ್ಟುಹಬ್ಬದ್ದು. ‘ಹ್ಯಾಪಿ ಬರ್ತ್‌ಡೇ’ಯ ಧಾಟಿ ಅಮೆರಿಕದ ಕೆಂಟಕಿಯ ಹಿಲ್ ಸಹೋದರಿಯರು ಶಿಶುವಿಹಾರದ ಮಕ್ಕಳಿಗೆಂದು ಕಟ್ಟಿದ ಬೆಳಗಿನ ನಮಸ್ಕಾರದ ಹಾಡಿನದು, ಅಚ್ಚಾದದ್ದು 1893ರಲ್ಲಿ. ಅದರ ಹಕ್ಕು ತಮ್ಮದೆಂದು ದಶಕಗಟ್ಟಲೆ ದುಡ್ಡು ಎಣಿಸುತ್ತಿದ್ದ ಸಂಗೀತ ಕಂಪನಿಗೆ 2015ರಲ್ಲಿ ಅಲ್ಲಿನ ನ್ಯಾಯಾಲಯ ಹಕ್ಕು ಇಲ್ಲ ಎಂದಿತು. ಅಂದರೆ ನಮ್ಮ ಸೋದರಮಾವ ಅಪಶ್ರುತಿಯಲ್ಲಿ ಹಾಡಿದ್ದು ಪೂರ್ತಿ ಕಾನೂನುಬದ್ಧ.

ಅಪ್ಪನಿಗೆ ಈ ತಿಥಿ-ತಾರೀಖಿನ ಮಾತಿನಲ್ಲಿ ಆಸಕ್ತಿ ಇಲ್ಲ. ಅವರದ್ದು ಜೂನ್ 1. ಅವರ ಅಣ್ಣನದೂ ಜೂನ್ 1, ತಂಗಿಯದೂ ಜೂನ್ 1. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಹುಡುಗನ ಎತ್ತರ ನೋಡಿ, ವರ್ಷ ಊಹಿಸಿ, ಶಾಲೆ ತೆರೆಯುವ ತಿಂಗಳ ಮೊದಲ ತಾರೀಖನ್ನು ಬರೆದುಬಿಟ್ಟ ಕಾಲದ ಕನ್ನಡಿಗರೆಲ್ಲ ಒಂದೇ ದಿನ ನಿವೃತ್ತರಾದದ್ದು ನಮಗೆ ಹಳೆಯ ತಮಾಷೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಆ ಜೂನ್ 1 ಮಾತ್ರ ನಮ್ಮನ್ನು ಬಿಟ್ಟಿಲ್ಲ. ಈಗ ಒಂದನೇ ತರಗತಿಗೆ ಸೇರಲು ಅದೇ ದಿನಕ್ಕೆ ಆರು ತುಂಬಿರಬೇಕು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದಾಗ ನಮ್ಮ ಅಪಾರ್ಟ್‌ಮೆಂಟಿನ ಅಮ್ಮಂದಿರು ಬೆರಳು ಮಡಿಚಿ ಎಣಿಸಿದ್ದೇ ಎಣಿಸಿದ್ದು. ತಿಥಿ ನೋಡುವುದನ್ನು ಮೂಢನಂಬಿಕೆ ಎನ್ನುವವರೂ ಆ ಗುಂಪಿನಲ್ಲಿದ್ದರು.

ಸಂಜೆ ಮಕ್ಕಳು ಅಡಿಕೆ ಸುಲಿಯುವವರ ನಡುವೆ ಸೇರಿಕೊಂಡಾಗ ನಾನು ಅವರಿಬ್ಬರ ಜೋಡಿ ತಾರೀಖು ಯಾವಾಗ ಎಂದು ನೋಡಲು ಕೂತೆ. ಮಗಳದು ಸುಲಭ, ಹತ್ತೊಂಬತ್ತಕ್ಕೆ ಕೂಡುತ್ತದೆ. ಮಗನದು ರಗಳೆ. ಅವನು ಹುಟ್ಟಿದ್ದು 2023ರಲ್ಲಿ, ಅಧಿಕ ಶ್ರಾವಣದಲ್ಲಿ. ಅಧಿಕದಲ್ಲಿ ಹುಟ್ಟಿದವರಿಗೆ ನಿಜ ಮಾಸದಲ್ಲೇ ಹುಟ್ಟುಹಬ್ಬ ಎಂದು ಅಮ್ಮ ತೀರ್ಪು ಕೊಟ್ಟಾಗಿದೆ. ಅವನು ಹುಟ್ಟಿದ ಆ ತಿಂಗಳು ಮತ್ತೆ ಬರುವುದು 2042ರ ಜುಲೈ 17ರ ಅಮಾವಾಸ್ಯೆ ಕಳೆದ ಮೇಲೆ. ಆಗ ಅವನಿಗೆ ಹತ್ತೊಂಬತ್ತು. ಆ ವರ್ಷ ದೊಡ್ಡದಾಗಿ ಮಾಡೋಣ ಎಂದೆ.

‘ಅಧಿಕದಲ್ಲಿ ಶುಭಕಾರ್ಯ ಎಂಥದ್ದು?’ ಅಂದಳು ಅಮ್ಮ.

ಹಾಗಾದರೆ ಅತ್ತೆಮನೆಯ ಲೆಕ್ಕ ಹಿಡಿಯೋಣ ಎಂದು ಉಡುಪಿಗೆ ಫೋನ್ ಹಚ್ಚಿದೆ. ಅವರದು ಸೌರಮಾನ, ಅಲ್ಲಿ ಅಧಿಕ ಮಾಸದ ಕಾಟವೇ ಇಲ್ಲ. ಸೌರ ತಿಂಗಳಲ್ಲಿ ನಕ್ಷತ್ರ ಬಂದ ದಿನ ಹುಟ್ಟುಹಬ್ಬ. ಮಾವ ಪೂರ್ತಿ ಕೇಳಿಸಿಕೊಂಡರು. ಸಂಕ್ರಮಣವಿಲ್ಲದ ತಿಂಗಳೇ ಅಧಿಕ ಮಾಸ. ಅಧಿಕ ಶ್ರಾವಣ ಬಂದಾಗಲೆಲ್ಲ ಸೂರ್ಯ ಆ ಇಡೀ ತಿಂಗಳು ಕರ್ಕಾಟಕದಲ್ಲೇ ಇರುತ್ತಾನೆ, ಕರ್ಕಾಟಕವೆಂದರೆ ತುಳುನಾಡಿನ ಆಟಿ, ಆಟಿಯಲ್ಲಿ ಅಲ್ಲಿ ಯಾರೂ ಸಡಗರ ಮಾಡುವುದಿಲ್ಲ.

‘2042 ಆದರೇನು ಮಾರಾಯ್ತಿ, ಆಗಲೂ ಅದು ಆಟಿಯೇ’ ಎಂದರು.