ಒಗ್ಗದ ಆಹಾರ ಮತ್ತು ಶಾಲೆಯ ಆಯ್ಕೆ

ಒಬ್ಬರಿಗೆ ಹಿತವಾದ ಆಹಾರ ಇನ್ನೊಬ್ಬರಿಗೆ ವಿಷವಾಗುವುದುಂಟು. ನಮ್ಮಲ್ಲಿ ಬಹುಮಂದಿ ಚಟ್ನಿಯಲ್ಲಿಯೂ ಚಿಕ್ಕಿಯಲ್ಲಿಯೂ ಸವಿಯುವ ಕಡಲೆಕಾಯಿಯ ಒಂದು ಚೂರು ಕೆಲವು ಮಕ್ಕಳ ಪ್ರಾಣಕ್ಕೇ ಎರವಾಗಬಲ್ಲುದು. ಹಾಲು, ಮೊಟ್ಟೆ, ಗೋಡಂಬಿ, ಎಳ್ಳು, ಮೀನುಗಳೂ ಹೀಗೆಯೇ. ಇಂಥ ಮಗುವನ್ನು ಯಾವ ಶಾಲೆಗೆ ಸೇರಿಸಬೇಕು?

ಇದನ್ನು ನಿರ್ಧರಿಸುವ ಮೊದಲು ಮಗುವಿನ ದೇಹದಲ್ಲಿ ನಡೆಯುವುದೇನೆಂಬುದನ್ನು ತಿಳಿಯಬೇಕು. 'ಅಲರ್ಜಿ' ಎಂಬ ಪದವನ್ನು 1906ರಲ್ಲಿ ರಚಿಸಿದವನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ರೋಗಾಣುಗಳೊಡನೆ ಹೋರಾಡಬೇಕಾದ ರಕ್ಷಣಾವ್ಯವಸ್ಥೆಯು ಆಹಾರದ ಪ್ರೋಟೀನನ್ನೇ ಶತ್ರುವೆಂದು ಭ್ರಮಿಸಿ, ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಈ ಪ್ರತಿಕಾಯವನ್ನು 1966ರಲ್ಲಿ ಅಮೆರಿಕದಲ್ಲಿ ಗುರುತಿಸಿದವರು ಜಪಾನಿನ ಇಷಿಜಾಕಾ ದಂಪತಿಗಳು. ಚರ್ಮ, ಶ್ವಾಸನಾಳ ಮತ್ತು ಕರುಳಿನಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಇವು ಕಾದಿರುತ್ತವೆ. ಅದೇ ಆಹಾರವು ಮತ್ತೆ ಒಳಹೊಕ್ಕರೆ ಆ ಕೋಶಗಳು ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಹೊರಸೂಸುತ್ತವೆ. ಆಗ ಮೈಮೇಲೆ ದದ್ದುಗಳೇಳಬಹುದು. ಗಂಟಲು ಊದಿ ಉಸಿರು ಕಟ್ಟಬಹುದು. ರಕ್ತದ ಒತ್ತಡವು ಕುಸಿಯಬಹುದು. ಈ ಉಗ್ರರೂಪಕ್ಕೆ ಅನಫಿಲಾಕ್ಸಿಸ್ ಎಂದು ಹೆಸರು.

ಇದಕ್ಕೆ ಮೊದಲ ಮದ್ದು ಅಡ್ರಿನಲೀನ್. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ತಡಮಾಡದೆ ಚುಚ್ಚಬೇಕು. ಹಿಸ್ಟಮೀನ್ ವಿರೋಧಿ ಮಾತ್ರೆಗಳು ತುರಿಕೆಯನ್ನು ತಗ್ಗಿಸಬಲ್ಲವು. ಕಟ್ಟಿದ ಉಸಿರನ್ನು ಬಿಡಿಸಲಾರವು. ಆದುದರಿಂದ ಶಾಲೆಯನ್ನು ಅಳೆಯಬೇಕಾದುದು ಬಾಗಿಲಿನ ಮೇಲೆ ತೂಗುಹಾಕಿದ ನಿಷೇಧದ ಫಲಕದಿಂದಲ್ಲ. ಆಪತ್ತಿನ ಮೊದಲ ಕೆಲವು ನಿಮಿಷಗಳಲ್ಲಿ ಅಲ್ಲಿನವರು ಏನು ಮಾಡಬಲ್ಲರೆಂಬುದರಿಂದ.

ಕೆನಡಾದ ಆಂಟೇರಿಯೊ ಪ್ರಾಂತವು ಇದನ್ನು ದುಬಾರಿ ಬೆಲೆ ತೆತ್ತು ಕಲಿತುಕೊಂಡಿತು. ಅಲ್ಲಿ 2003ರಲ್ಲಿ ಹದಿಮೂರು ವರ್ಷದ ವಿದ್ಯಾರ್ಥಿನಿಯೊಬ್ಬಳು ಶಾಲೆಯ ಉಪಾಹಾರಗೃಹದಲ್ಲಿ ತಿಂಡಿ ತಿಂದ ಬಳಿಕ ಅನಫಿಲಾಕ್ಸಿಸಿಗೆ ತುತ್ತಾಗಿ ಮಡಿದಳು. ಆಕೆಯ ಹೆಸರಿನಲ್ಲಿಯೇ ರಚಿತವಾದ 'ಸಬ್ರೀನಾ ಕಾನೂನು' 2006ರ ಜನವರಿ 1ರಂದು ಜಾರಿಗೆ ಬಂದಿತು. ಇಂಥ ಪ್ರತಿಯೊಬ್ಬ ವಿದ್ಯಾರ್ಥಿಗೂ ಪ್ರತ್ಯೇಕ ಯೋಜನೆಯಿರಬೇಕು. ಸಿಬ್ಬಂದಿಗೆ ಕ್ರಮವಾಗಿ ತರಬೇತಿ ಕೊಡಬೇಕು. ತುರ್ತು ಸಮಯದಲ್ಲಿ ಪೂರ್ವಾನುಮತಿಯಿಲ್ಲದಿದ್ದರೂ ಶಾಲೆಯ ನೌಕರನು ಔಷಧವನ್ನು ಚುಚ್ಚಬಹುದು ಎಂದು ಅದು ವಿಧಿಸುತ್ತದೆ.

ಶಾಲೆ ಎಲ್ಲಿಯೇ ಇರಲಿ, ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳು ಇವೇ. ಔಷಧವೆಲ್ಲಿದೆ? ಬೀಗದ ಕಪಾಟಿನಲ್ಲಿಯೊ, ಕೈಗೆಟುಕುವಲ್ಲಿಯೊ? ಅದನ್ನು ಚುಚ್ಚಬಲ್ಲವರು ಯಾರು? ಅವರು ರಜೆಯಲ್ಲಿರುವ ದಿನ ಯಾರು? ಪ್ರವಾಸದಲ್ಲಿ, ಆಟದ ಬಯಲಿನಲ್ಲಿ ಏನು ವ್ಯವಸ್ಥೆ? ಒಂದೇ ಸೌಟನ್ನು ಎರಡು ಪಾತ್ರೆಗಳಿಗೆ ಅದ್ದಿದರೂ ಕೇಡೆಂಬುದು ಅಡುಗೆಯವರಿಗೆ ಗೊತ್ತೆ? ಕಡಲೆಕಾಯಿಯನ್ನು ಹುರಿದರೂ ಅದರ ದೋಷ ಅಳಿಯುವುದಿಲ್ಲ. ಊಟದ ಬಳಿಕ ಕೈಗಳನ್ನು ಸಾಬೂನು ಹಚ್ಚಿ ತೊಳೆಯಬೇಕು. ಬರಿಯ ನೀರಾಗಲಿ, ಕೈಗೆ ಸವರುವ ಸ್ಯಾನಿಟೈಸರ್ ಆಗಲಿ ಸಾಲದು.

ಮಗುವನ್ನು ಬೇರೆ ಕೂರಿಸಿ ಉಣಿಸುವುದೊಂದೇ ಉಪಾಯವೆನ್ನುವ ಶಾಲೆಗಿಂತ, ಸಹಪಾಠಿಗಳಿಗೆ ವಿಷಯವನ್ನು ತಿಳಿಸಿಹೇಳುವ ಶಾಲೆ ಮೇಲು. ವಿದ್ಯಾರ್ಥಿಗಳಾದ ನೀವೂ ಇಷ್ಟನ್ನು ನೆನಪಿಡಿರಿ: ಗೆಳೆಯನಿಗೆ ಒಗ್ಗದ ತಿಂಡಿಯನ್ನು ಬಲವಂತಪಡಿಸಬೇಡಿರಿ. ಅವನು ಉಸಿರಿಗಾಗಿ ಒದ್ದಾಡಿದರೆ ಒಬ್ಬನನ್ನೇ ಹೊರಗೆ ಕಳುಹಿಸಬೇಡಿರಿ, ನಡೆಸಬೇಡಿರಿ; ಹಿರಿಯರನ್ನು ಅಲ್ಲಿಗೇ ಕರೆತನ್ನಿರಿ.